ಪಂಚಾಂಗದಲ್ಲಿ ಒಂದು ದಿನ, ರಜಾ ಪಟ್ಟಿಯಲ್ಲಿ ಇನ್ನೊಂದು ದಿನ: ಹಬ್ಬ ಯಾವಾಗ ಮಾಡೋದು?

ಪ್ರಶ್ನೆ: 2025ರಲ್ಲಿ ನಮ್ಮ ಮನೆಯಲ್ಲಿ ಕೃಷ್ಣಾಷ್ಟಮಿ ಎರಡು ಸಲ ಬಂತು. ನನ್ನ ತವರು ಮೈಸೂರು, ಸ್ಮಾರ್ತರು. ಅಮ್ಮ ಆಗಸ್ಟ್ 15ರ ರಾತ್ರಿ ಪೂಜೆ ಮಾಡಿದರು. ಅತ್ತೆಯವರು ಉಡುಪಿ ಕಡೆಯವರು, ಅವರು ಸೆಪ್ಟೆಂಬರ್ 14ರವರೆಗೆ ಕಾದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಂತೂ ಗಣಪತಿ, ದೀಪಾವಳಿ, ರಂಜಾನ್ ಯಾವುದು ಬಂದರೂ ದಿನದ ಜಗಳ, ಕೊನೆಗೆ ಅದು ಸರ್ಕಾರ, ಪಕ್ಷ ಅಂತ ತಿರುಗುತ್ತದೆ. ಯಾರ ದಿನ ಸರಿ? ಸರ್ಕಾರದ ರಜೆಗೂ ಪಂಚಾಂಗಕ್ಕೂ ಏನು ಸಂಬಂಧ? ರಜೆ, ರೈಲು ಟಿಕೆಟ್ ಮುಂಚೆಯೇ ಲೆಕ್ಕ ಹಾಕಿಕೊಳ್ಳೋದು ಹೇಗೆ?

ಉತ್ತರ: ನಿಮ್ಮ ಅಮ್ಮನ ದಿನವೂ ಸರಿ, ಅತ್ತೆಯವರ ದಿನವೂ ಸರಿ. ಇಬ್ಬರ ಮನಸ್ಸನ್ನೂ ಉಳಿಸಲು ಹೇಳುತ್ತಿರುವ ಮಾತಲ್ಲ ಇದು, ಲೆಕ್ಕ ಹಾಕಿದರೂ ಹಾಗೆಯೇ ಬರುತ್ತದೆ.

ಚಾಂದ್ರಮಾನದವರಿಗೆ, ಅಂದರೆ ಚಂದ್ರನಿಂದ ತಿಂಗಳು ಎಣಿಸುವವರಿಗೆ, ಕೃಷ್ಣಾಷ್ಟಮಿ ಎಂದರೆ ಶ್ರಾವಣ ಬಹುಳ ಅಷ್ಟಮಿ, ಹುಣ್ಣಿಮೆಯ ನಂತರದ ಎಂಟನೆಯ ತಿಥಿ. ಸ್ಮಾರ್ತರು ಅದು ನಡುರಾತ್ರಿಗೆ, ಅಂದರೆ ನಿಶೀಥಕ್ಕೆ, ಇದೆಯೇ ಎಂದು ನೋಡುತ್ತಾರೆ. 2025ರಲ್ಲಿ ಅಷ್ಟಮಿ ಹಿಡಿದದ್ದು ಆಗಸ್ಟ್ 15ರ ರಾತ್ರಿ 11.49ಕ್ಕೆ, ಬಿಟ್ಟದ್ದು 16ರ ರಾತ್ರಿ 9.34ಕ್ಕೆ. ನಡುರಾತ್ರಿಗೆ ಅಷ್ಟಮಿ ಸಿಕ್ಕಿದ್ದು 15ರಂದು ಮಾತ್ರ. ಸೂರ್ಯೋದಯಕ್ಕೆ ಅಷ್ಟಮಿ ಇರಬೇಕು ಎನ್ನುವ ಹಲವು ವೈಷ್ಣವ ಪರಂಪರೆಗಳಿಗೆ ಅದು 16 ಆಯಿತು. ಉಡುಪಿಯದು ಮೂರನೆಯ ದಾರಿ. ಅಲ್ಲಿ ತಿಂಗಳನ್ನು ಸೌರಮಾನದಿಂದ ಎಣಿಸುತ್ತಾರೆ, ಹಾಗಾಗಿ ಸೂರ್ಯ ಸಿಂಹ ರಾಶಿಯಲ್ಲಿರುವಾಗ ಬರುವ ಬಹುಳ ಅಷ್ಟಮಿಯೇ ಬೇಕು. 2025ರಲ್ಲಿ ಸಿಂಹ ಸಂಕ್ರಮಣ ಆದದ್ದು ಆಗಸ್ಟ್ 17ರ ನಸುಕಿನಲ್ಲಿ. ಅಷ್ಟಮಿ ಅದಕ್ಕೆ ಕೆಲವೇ ಗಂಟೆ ಮುಂಚೆ, ಸೂರ್ಯ ಇನ್ನೂ ಕರ್ಕಾಟಕದಲ್ಲಿರುವಾಗಲೇ ಮುಗಿದುಹೋಗಿತ್ತು. ಹಾಗಾಗಿ ಮುಂದಿನ ಬಹುಳ ಅಷ್ಟಮಿ, ಸೆಪ್ಟೆಂಬರ್ 14, ಉಡುಪಿಯ ಅಷ್ಟಮಿಯಾಯಿತು. ಮರುದಿನ ವಿಟ್ಲಪಿಂಡಿ, ಅಲ್ಲಿನ ಮೊಸರುಕುಡಿಕೆ ಉತ್ಸವ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಒಂದು ಹೆಚ್ಚುವರಿ ತಿಂಗಳು, ಇರುವುದರಿಂದ ಮುಂದಿನ ಹಬ್ಬಗಳೆಲ್ಲ ತಡವಾಗಿ ಬೀಳುತ್ತವೆ. ಶ್ರಾವಣದ ಅಷ್ಟಮಿಯೇ ಸೆಪ್ಟೆಂಬರ್ 4ಕ್ಕೆ ಬರುತ್ತದೆ, ಅಷ್ಟು ಹೊತ್ತಿಗೆ ಸೂರ್ಯ ಸಿಂಹದಲ್ಲೇ ಇರುತ್ತಾನೆ. ಆ ವರ್ಷ ತಿಂಗಳ ಅಂತರವೇನೂ ಇಲ್ಲ, ಚಕ್ಕುಲಿ, ಕೋಡುಬಳೆಯನ್ನು ಎರಡೂ ಮನೆಯವರು ಒಟ್ಟಿಗೇ ಕರಿಯಬಹುದು.

ಈ ಚಾಂದ್ರಮಾನ, ಸೌರಮಾನದ ವ್ಯತ್ಯಾಸ ಕೃಷ್ಣಾಷ್ಟಮಿಗೆ ಮಾತ್ರ ಸೀಮಿತವಲ್ಲ. ಘಟ್ಟದ ಮೇಲಿನವರಿಗೆ ಚೈತ್ರ ಶುದ್ಧ ಪಾಡ್ಯ ಯುಗಾದಿ. ತುಳುನಾಡಿನವರಿಗೆ ಏಪ್ರಿಲ್ 14 ಅಥವಾ 15ರ ಬಿಸು ವರ್ಷದ ಮೊದಲ ದಿನ. ಚಾಂದ್ರ ವರ್ಷ ಸುಮಾರು 354 ದಿನದ್ದು, ಋತುವಿನ ಜೊತೆ ಹೆಜ್ಜೆ ಹಾಕಲು ಅದಕ್ಕೆ 32–33 ತಿಂಗಳಿಗೊಮ್ಮೆ ಅಧಿಕ ಮಾಸ ಬೇಕು. ಸೌರಮಾನಕ್ಕೆ ಆ ಗೊಡವೆ ಇಲ್ಲ. ಅದರ ತೊಂದರೆ ಬೇರೆ. ನಕ್ಷತ್ರಗಳನ್ನು ಆಧರಿಸಿ ಎಣಿಸುವ ವರ್ಷ ನಮ್ಮ ಗೋಡೆಯ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ, ಆದ್ದರಿಂದ ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. 2024ರಲ್ಲಿ ಎಳ್ಳು ಬೆಲ್ಲ ಬೀರಿದ್ದು ಜನವರಿ 15ಕ್ಕೆ, 2025ರಲ್ಲಿ 14ಕ್ಕೆ. ಅಧಿಕ ವರ್ಷದ ಒಂದು ದಿನ ಸೇರಿಕೊಂಡಾಗ ಹೀಗೆ ಹಿಂದೆ ಮುಂದೆ ಆಡುತ್ತದೆ. ಮುಂದಿನ ದಶಕಗಳಲ್ಲಿ 15 ಹೆಚ್ಚು ಹೆಚ್ಚಾಗಿ ಬರುತ್ತದೆ.

ಜಗಳ ಹೆಚ್ಚಾಗಿ ಹುಟ್ಟುವುದು ತಿಂಗಳಿನಿಂದಲ್ಲ, ತಿಥಿಯಿಂದ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವಷ್ಟು ಹೊತ್ತು ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇಲ್ಲ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 27 ಗಂಟೆಯ ಹತ್ತಿರಕ್ಕೂ ಎಳೆಯಬಹುದು. ಅದಕ್ಕೆ ಬೆಳಗ್ಗೆ, ನಡುರಾತ್ರಿ ಅನ್ನುವ ಲಕ್ಷ್ಯವೂ ಇಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ಮರುದಿನ ಸಂಜೆಗೆ ಮುಗಿಯಬಹುದು. ಆಗ ಹಬ್ಬ ಯಾವತ್ತು? ಇದಕ್ಕೆ ಉತ್ತರ ಕೊಡುವುದಕ್ಕೇ ನಿರ್ಣಯ ಗ್ರಂಥಗಳು ಇರುವುದು. ಕಮಲಾಕರ ಭಟ್ಟರ ನಿರ್ಣಯಸಿಂಧು, ಕಾಶೀನಾಥ ಉಪಾಧ್ಯಾಯರ ಧರ್ಮಸಿಂಧು ಇವತ್ತಿಗೂ ಪುರೋಹಿತರ ಕೈಯಲ್ಲಿ ಇರುವಂಥವು. ಅವುಗಳ ಮೂಲ ಸೂತ್ರ ಸರಳ: ಪ್ರತಿ ಹಬ್ಬಕ್ಕೂ ದಿನದ ಒಂದು ಹೊತ್ತು ಗೊತ್ತಿದೆ, ಆ ಹೊತ್ತಿಗೆ ತಿಥಿ ಇರಬೇಕು.

ಯುಗಾದಿಗೆ ಸೂರ್ಯೋದಯ. ರಾಮನವಮಿ, ಗಣೇಶ ಚೌತಿಗೆ ಮಧ್ಯಾಹ್ನ. ವಿಜಯದಶಮಿಗೆ ಅಪರಾಹ್ಣ, ಅಂದರೆ ಮಧ್ಯಾಹ್ನದ ನಂತರದ ಹೊತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರದೋಷ, ಅಂದರೆ ಸೂರ್ಯ ಮುಳುಗಿದ ಮೇಲಿನ ಹೊತ್ತು. ಶಿವರಾತ್ರಿಗೆ ನಿಶೀಥ. ಸಂಕಷ್ಟ ಚತುರ್ಥಿಗೆ ಚಂದ್ರೋದಯ. ಇಷ್ಟು ನೆನಪಿದ್ದರೆ ಗುಂಪಿನ ಜಗಳದಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗುತ್ತದೆ. ಉಳಿದ ಕಾಲು ಭಾಗ ಕಷ್ಟದ್ದು: ತಿಥಿ ಎರಡೂ ದಿನ ಆ ಹೊತ್ತನ್ನು ಮುಟ್ಟಿದಾಗ ಏನು ಮಾಡಬೇಕು ಎಂಬುದು.

2023ರ ಗಣಪತಿ ಹಬ್ಬ ತೆಗೆದುಕೊಳ್ಳಿ. ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ 12.39ಕ್ಕೆ ಹಿಡಿದು 19ರ ಮಧ್ಯಾಹ್ನ 1.43ಕ್ಕೆ ಬಿಟ್ಟಿತು. ಇಲ್ಲಿ ‘ಮಧ್ಯಾಹ್ನ’ ಅಂದರೆ ಗಡಿಯಾರದ ಹನ್ನೆರಡು ಗಂಟೆಯಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಐದು ಪಾಲು ಮಾಡಿದರೆ ಮೂರನೆಯ ಪಾಲು. ಆ ದಿನ ಬೆಂಗಳೂರಿನಲ್ಲಿ ಅದು ಸುಮಾರು 11 ಗಂಟೆಯಿಂದ 1.26ರವರೆಗೆ. 18ರಂದು ಚೌತಿ ಈ ಹೊತ್ತಿನ ಕೊನೆಯ ಮುಕ್ಕಾಲು ಗಂಟೆಯನ್ನು ಮುಟ್ಟಿತು. 19ರಂದು ಪೂರ್ತಿ ಆವರಿಸಿತು. ಎರಡೂ ದಿನ ಮುಟ್ಟಿದರೆ ತದಿಗೆಯ ಸಂಪರ್ಕವಿರುವ ಮೊದಲ ದಿನವೇ ಶ್ರೇಷ್ಠ ಎನ್ನುವವರು 18 ಹಿಡಿದರು. ಅವರಿಗೆ ಗೌರಿಯೂ ಗಣಪತಿಯೂ ಒಂದೇ ದಿನ ಬಂದರು. ಪೂರ್ತಿ ಆವರಿಸಿದ ದಿನಕ್ಕೇ ತೂಕ ಹೆಚ್ಚು ಎನ್ನುವವರು 19 ಹಿಡಿದರು. ಕರ್ನಾಟಕ ಸರ್ಕಾರದ ರಜೆ 18ಕ್ಕೆ, ಮಹಾರಾಷ್ಟ್ರದ್ದು 19ಕ್ಕೆ. ನಮ್ಮ ಕರಾವಳಿಯಲ್ಲೂ ಚೌತಿ 19ಕ್ಕೇ ನಡೆಯಿತು, ದಕ್ಷಿಣ ಕನ್ನಡದಲ್ಲಿ ರಜೆಯನ್ನೂ 19ಕ್ಕೆ ಸರಿಸಿದರು. ಒಂದೇ ರಾಜ್ಯ, ಒಂದೇ ಗಣಪತಿ, ಎರಡು ದಿನ. ಯಾರೂ ಲೆಕ್ಕ ತಪ್ಪಿರಲಿಲ್ಲ.

2024ರ ದೀಪಾವಳಿಯ ಗೊಂದಲ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಊರಿನ ಮೇಲೆ ಉತ್ತರ ಬದಲಾಗುತ್ತದೆ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ರಿಂದ ನವೆಂಬರ್ 1ರ ಸಂಜೆ 6.16ರವರೆಗೆ. 31ರ ಸಂಜೆ, ರಾತ್ರಿ ಪೂರ್ತಿ ಅಮಾವಾಸ್ಯೆ. ಹಾಗಾದರೆ ಪ್ರಶ್ನೆಯೇ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಇನ್ನೊಂದು ನಿಯಮ ಇದೆ: ಮರುದಿನ ಸೂರ್ಯ ಮುಳುಗಿದ ಮೇಲೂ ಅಮಾವಾಸ್ಯೆ ಒಂದು ಘಳಿಗೆಗಿಂತ, ಅಂದರೆ 24 ನಿಮಿಷಕ್ಕಿಂತ, ಹೆಚ್ಚು ಉಳಿದಿದ್ದರೆ ಎರಡನೆಯ ದಿನವನ್ನೇ ಹಿಡಿಯಬೇಕು. ನವೆಂಬರ್ 1ರಂದು ದೆಹಲಿಯಲ್ಲಿ ಸೂರ್ಯಾಸ್ತ ಸುಮಾರು 5.36ಕ್ಕೆ, ಅಮಾವಾಸ್ಯೆ ಇನ್ನೂ 40 ನಿಮಿಷ ಉಳಿಯಿತು. ಕೋಲ್ಕತ್ತದಲ್ಲಿ ಸೂರ್ಯ ಐದಕ್ಕೇ ಮುಳುಗುವುದರಿಂದ ಗಂಟೆಗೂ ಮೇಲೆ ಉಳಿಯಿತು. ಮುಂಬೈಯಲ್ಲಿ ಹತ್ತು ನಿಮಿಷ ಚಿಲ್ಲರೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 5.53ಕ್ಕೆ, ಉಳಿದದ್ದು 23 ನಿಮಿಷದ ಆಸುಪಾಸು, ಒಂದು ಘಳಿಗೆಗೆ ಕೂದಲೆಳೆಯಷ್ಟು ಕಡಿಮೆ. ಸೂರ್ಯಾಸ್ತವನ್ನು ಯಾವ ಸೂತ್ರದಿಂದ ಲೆಕ್ಕ ಹಾಕಿದಿರಿ ಎಂಬುದರ ಮೇಲೆ ಹಬ್ಬ ಆಚೀಚೆ ಆಗುವ ಸ್ಥಿತಿ. ಕಾಶಿಯ ಪಂಡಿತರು 31 ಎಂದರು, ಬೇರೆಯವರು 1 ಎಂದರು, ಟಿವಿಯವರಿಗೆ ನಾಲ್ಕು ದಿನ ಚರ್ಚೆಗೆ ವಸ್ತು ಸಿಕ್ಕಿತು.

ಹೊರದೇಶದಲ್ಲಿರುವ ನಿಮ್ಮ ನೆಂಟರು ಬೆಂಗಳೂರಿನ ದಿನಾಂಕವನ್ನೇ ನಕಲು ಮಾಡುತ್ತಿದ್ದರೆ ಅವರಿಗೂ ಇದನ್ನು ಹೇಳಿ. ತಿಥಿ ಹಿಡಿಯುವ ಕ್ಷಣ ಭೂಮಿಗೆಲ್ಲ ಒಂದೇ, ಗಡಿಯಾರ ಮಾತ್ರ ಬೇರೆ. ಅದೇ ಅಮಾವಾಸ್ಯೆ ನ್ಯೂಯಾರ್ಕಿನಲ್ಲಿ 31ರ ಬೆಳಗ್ಗೆ 6.22ರಿಂದ 1ರ ಬೆಳಗ್ಗೆ 8.46ರವರೆಗೆ ಇತ್ತು. ಸಂಜೆಗೆ ಸಿಕ್ಕಿದ್ದು 31ರಂದು ಮಾತ್ರ, ಅನುಮಾನಕ್ಕೆ ಎಡೆಯೇ ಇಲ್ಲ. ಲಂಡನ್ನಿನಲ್ಲೂ 31. ಸಿಡ್ನಿಯಲ್ಲಿ ಅದು ಹಿಡಿದದ್ದೇ 31ರ ರಾತ್ರಿ 9.22ಕ್ಕೆ, ಸೂರ್ಯ ಮುಳುಗಿದ ಸುಮಾರು ಎರಡು ಗಂಟೆ ಮೇಲೆ. ಹಾಗಾಗಿ ಅಲ್ಲಿ ನವೆಂಬರ್ 1. ಭಾರತದಲ್ಲಿ ಕಗ್ಗಂಟಾದ ಹಬ್ಬ ಬೇರೆ ದೇಶದಲ್ಲಿ ಸಲೀಸು, ಇಲ್ಲಿ ಸಲೀಸಾದದ್ದು ಅಲ್ಲಿ ಕಗ್ಗಂಟು. ಮೊಬೈಲಿನ ಪಂಚಾಂಗ ಆ್ಯಪಿನಲ್ಲಿ ಊರು ಬದಲಿಸದೆ ಓದುವುದೇ ಹೊರದೇಶದವರು ಹೆಚ್ಚಾಗಿ ಮಾಡುವ ತಪ್ಪು. ಬೇರೆ ಊರಿನ ಸೂರ್ಯೋದಯ ಹಾಕಿಕೊಂಡು ರಾಹುಕಾಲ, ದ್ವಾದಶಿ ಪಾರಣೆ ನೋಡಿದರೆ ಗಂಟೆಗಟ್ಟಲೆ ಹೆಚ್ಚು ಕಡಿಮೆ ಬರುತ್ತದೆ.

ಇನ್ನು ಪಂಚಾಂಗ ಪಂಚಾಂಗಕ್ಕೇ ಬರುವ ವ್ಯತ್ಯಾಸ. ಸೂರ್ಯಸಿದ್ಧಾಂತದ ಹಳೆಯ ಕೋಷ್ಟಕಗಳಿಂದ ಗುಣಿಸುವವರು ಇದ್ದಾರೆ. ದೃಗ್ಗಣಿತದವರು ಗ್ರಹ ಇವತ್ತು ಆಕಾಶದಲ್ಲಿ ನಿಜವಾಗಿ ಎಲ್ಲಿದೆಯೋ ಅದನ್ನು ಹಿಡಿಯುತ್ತಾರೆ. ಹಳೆಯ ಲೆಕ್ಕದಲ್ಲಿ ತಿಥಿ 65 ಘಳಿಗೆ ದಾಟದು, 54ಕ್ಕೆ ಇಳಿಯದು, ಅಂದರೆ 26 ಗಂಟೆ ಮತ್ತು 21 ಗಂಟೆ 36 ನಿಮಿಷದ ನಡುವೆ. ಆಕಾಶದ ಚಂದ್ರ ಅದಕ್ಕಿಂತ ಹೆಚ್ಚು ಓಲಾಡುತ್ತಾನೆ. ಆದ್ದರಿಂದ ಎರಡು ಪಂಚಾಂಗಗಳ ನಡುವೆ ತಿಥಿಯ ಕೊನೆ ಕೆಲವು ಗಂಟೆಗಳಷ್ಟು ಬೇರೆಯಾಗಬಹುದು. ಮಠಗಳಲ್ಲಿ ಏಕಾದಶಿ ಬೇರೆ ಬೇರೆ ದಿನ ಬೀಳುವುದಕ್ಕೆ ಇದೂ ಒಂದು ಕಾರಣ, ದಶಮಿ ವೇಧ, ಅಂದರೆ ಏಕಾದಶಿಗೆ ದಶಮಿ ತಾಗುವುದು, ಇನ್ನೊಂದು. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದಷ್ಟೇ ನೋಡುತ್ತಾರೆ. ವೈಷ್ಣವರು ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ, ಮುಂಚಿನ ಅರುಣೋದಯದಲ್ಲೇ ದಶಮಿ ಸೋಂಕಿದ್ದರೆ ಆ ದಿನ ಬಿಟ್ಟು ಮರುದಿನ ಉಪವಾಸ ಮಾಡುತ್ತಾರೆ.

ಇದನ್ನೆಲ್ಲ ಒಂದೇ ಮಾಡಲು ಸ್ವತಂತ್ರ ಭಾರತ ಒಂದು ಪ್ರಯತ್ನ ಮಾಡಿತ್ತು. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ಕೂತಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಗೆಜೆಟ್, ಆಕಾಶವಾಣಿಯಲ್ಲಿ ಆ ದಿನಾಂಕ ಇವತ್ತಿಗೂ ಕೇಳುತ್ತದೆ. ಮನೆಯ ದೇವರ ಕೋಣೆಯೊಳಗೆ ಅದು ಬರಲಿಲ್ಲ. ಬರದಿದ್ದದ್ದು ಸಹಜವೇ. ಸರ್ಕಾರ ಒಂದು ಕ್ಯಾಲೆಂಡರ್ ಕೊಡಬಹುದು, ‘ನಮ್ಮ ಮನೆ ಪದ್ಧತಿ’ಯನ್ನು ಕೊಡಲಾರದು.

ರಂಜಾನ್ ವಿಷಯದಲ್ಲಿ ನಿಮ್ಮ ಗುಂಪಿನವರು ‘ಇವರಿಗೆ ದಿನವೇ ಗೊತ್ತಿರಲ್ಲ’ ಎಂದು ನಗುತ್ತಿದ್ದರೆ, ದೀಪಾವಳಿಯ 23 ನಿಮಿಷದ ಕಥೆ ಅವರಿಗೆ ಓದಿಸಿ. ಹಿಜರಿ ತಿಂಗಳಿನ ನಿಯಮ ನಿಜಕ್ಕೂ ನಮ್ಮದಕ್ಕಿಂತ ಸರಳ: 29ನೆಯ ದಿನ ಸಂಜೆ ಚಂದ್ರ ಕಂಡರೆ ಮರುದಿನ ಹೊಸ ತಿಂಗಳು, ಕಾಣದಿದ್ದರೆ 30 ತುಂಬಿಸಬೇಕು. ಅಧಿಕ ಮಾಸ ಇಲ್ಲ, ಹಾಗಾಗಿ ಹಬ್ಬ ವರ್ಷಕ್ಕೆ 10–11 ದಿನ ಹಿಂದೆ ಬರುತ್ತಾ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ತೊಡಕು ಇರುವುದು ಎಲ್ಲಿ ಕಂಡ ಚಂದ್ರ ಯಾರಿಗೆ ಲೆಕ್ಕ ಎಂಬಲ್ಲಿ. ಮಂಗಳೂರು, ಉಡುಪಿ ಕಡೆಯ ಮುಸ್ಲಿಮರು ತಮ್ಮ ಖಾಜಿಗಳ ಮಾತು ಕೇಳುತ್ತಾರೆ, ಕೇರಳದ ಕಡಲತೀರದಲ್ಲಿ ಚಂದ್ರ ಕಂಡ ಸುದ್ದಿ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನವರು ಇಲ್ಲಿನ ಚಂದ್ರದರ್ಶನ ಸಮಿತಿಯ ಘೋಷಣೆಗೆ ಕಾಯುತ್ತಾರೆ. 2024ರಲ್ಲಿ ಕರಾವಳಿಯಲ್ಲಿ ಈದ್ ಏಪ್ರಿಲ್ 10ಕ್ಕೆ, ಬೆಂಗಳೂರಿನಲ್ಲಿ 11ಕ್ಕೆ. ಬಕ್ರೀದ್‌ನಲ್ಲಿ ಈ ಆತಂಕ ಕಡಿಮೆ, ತಿಂಗಳು ಹುಟ್ಟಿ ಹತ್ತನೆಯ ದಿನ ಹಬ್ಬವಾದ್ದರಿಂದ ದಿನಾಂಕ ಒಂಬತ್ತು ದಿನ ಮುಂಚೆಯೇ ಖಚಿತವಾಗಿರುತ್ತದೆ. ಗುಡ್ ಫ್ರೈಡೇಯೂ ಚಂದ್ರನ ಹಬ್ಬವೇ. ಮಾರ್ಚ್ 21 ಅಥವಾ ಆಮೇಲಿನ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್, ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೇ. ಆದರೆ ಚರ್ಚು ಆ ಹುಣ್ಣಿಮೆಯನ್ನು ಆಕಾಶ ನೋಡಿ ಹೇಳುವುದಿಲ್ಲ, ಕೋಷ್ಟಕದಿಂದ ತೆಗೆಯುತ್ತದೆ. ಅದಕ್ಕೇ ಅವರಲ್ಲಿ ಕೊನೆಯ ಗಳಿಗೆಯ ಜಗಳ ಇಲ್ಲ.

ಈಗ ಸರ್ಕಾರದ ರಜಾ ಪಟ್ಟಿ. ಇದನ್ನು ಹಬ್ಬದ ದಿನದ ತೀರ್ಪು ಎಂದು ಓದುವುದೇ ಮೊದಲ ತಪ್ಪು. ಅದು ಕಚೇರಿ ಬಾಗಿಲು ಯಾವತ್ತು ಮುಚ್ಚಿರುತ್ತದೆ ಎಂದು ಹೇಳುವ ಆಡಳಿತದ ಆದೇಶ, ಅಷ್ಟೇ. ಸಚಿವ ಸಂಪುಟ ಒಪ್ಪಿದ ಮೇಲೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ವರ್ಷಾಂತ್ಯಕ್ಕೆ ಮುಂಚೆ ಮುಂದಿನ ವರ್ಷದ ಪಟ್ಟಿ ಹೊರಡಿಸುತ್ತದೆ. ಬ್ಯಾಂಕುಗಳಿಗೆ ಬೇರೆ ಪಟ್ಟಿ, 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಅಡಿಯಲ್ಲಿ. ಎರಡೂ ಬಹುಪಾಲು ಒಂದೇ ಇರುತ್ತವೆ, ಪೂರ್ತಿ ಒಂದೇ ಅಲ್ಲ.

ಪಟ್ಟಿಯ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳನ್ನು ಜನ ಓದುವುದಿಲ್ಲ, ಜಗಳಕ್ಕೆ ಮದ್ದೆಲ್ಲ ಅಲ್ಲೇ ಇದೆ. ಮೊದಲನೆಯದು, ಭಾನುವಾರ, ಎರಡನೇ ಶನಿವಾರ ಬಿದ್ದ ಹಬ್ಬಗಳನ್ನು ಪಟ್ಟಿಯಲ್ಲಿ ನಮೂದಿಸುವುದಿಲ್ಲ. 2025ರಲ್ಲಿ ಗಣರಾಜ್ಯೋತ್ಸವ, ಯುಗಾದಿ, ಮೊಹರಂ, ಮಹಾಲಯ ಅಮಾವಾಸ್ಯೆ ನಾಲ್ಕೂ ಭಾನುವಾರ. ಕನಕದಾಸ ಜಯಂತಿ ನವೆಂಬರ್ 8, ಎರಡನೇ ಶನಿವಾರ. ಪಟ್ಟಿಯ ಫೋಟೋ ಹಾಕಿ ‘ನೋಡಿ, ನಮ್ಮ ಯುಗಾದಿಯ ರಜೆಯನ್ನೇ ಕಿತ್ತುಹಾಕಿದ್ದಾರೆ’ ಎನ್ನುವ ಸಂದೇಶಕ್ಕೆ ಉತ್ತರ ಇಷ್ಟೇ. ಇಂಥ ಸಂದೇಶವನ್ನು ಯಾರು ಕಳಿಸಿದರೂ ಮೊದಲು ಆ ದಿನದ ವಾರ ಯಾವುದು ನೋಡಿ. ಎರಡನೆಯದು, ಮುಸ್ಲಿಂ ಹಬ್ಬ ಪಟ್ಟಿಯ ದಿನಕ್ಕೆ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಅದರ ಬದಲು ಹಬ್ಬದ ದಿನವೇ ರಜೆ ಕೊಡಬಹುದು. ಮೂರನೆಯದು, ಕೊಡಗಿಗೆ ಮಾತ್ರ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆ. ಬೇರೆ ಜಿಲ್ಲೆಗಳಲ್ಲಿ ಜಾತ್ರೆ, ಮಳೆ, ಚೌತಿಗೆಂದು ಜಿಲ್ಲಾಧಿಕಾರಿ ಕೊಡುವ ರಜೆ ಈ ಪಟ್ಟಿಯ ಹೊರಗಿನದು, ಶಾಲೆಗಳು ಅದನ್ನು ಇನ್ನೊಂದು ದಿನ ತರಗತಿ ನಡೆಸಿ ಸರಿದೂಗಿಸಬೇಕಾಗುತ್ತದೆ.

ರಾಜಕೀಯ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ರಾಜಕೀಯ ಇರುವುದು ದಿನಾಂಕದಲ್ಲಲ್ಲ, ಯಾವ ಹೆಸರು ಪಟ್ಟಿಯಲ್ಲಿ ಇರಬೇಕು ಎಂಬುದರಲ್ಲಿ. ಬಸವ, ಕನಕ, ವಾಲ್ಮೀಕಿ, ಮಹಾವೀರ, ಅಂಬೇಡ್ಕರ್ ಜಯಂತಿಗಳು ಒಂದೊಂದು ಸಮುದಾಯಕ್ಕೆ ‘ನಾವೂ ಈ ರಾಜ್ಯದವರು’ ಎನ್ನುವ ಮುದ್ರೆ. ಒಮ್ಮೆ ಕೊಟ್ಟದ್ದನ್ನು ತೆಗೆಯುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ರಜೆ ಜಾಸ್ತಿಯಾಯಿತು, ಜಯಂತಿಗಳ ರಜೆ ಕಡಿಮೆ ಮಾಡೋಣ ಎಂಬ ಮಾತು ಬಂದು 2019ರಲ್ಲಿ ಆದದ್ದೇನು? ಜಯಂತಿಗಳು ಹಾಗೇ ಉಳಿದವು. ನಾಲ್ಕನೇ ಶನಿವಾರವೂ ರಜೆಯಾಯಿತು, ಅದಕ್ಕೆ ಪ್ರತಿಯಾಗಿ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಸ್ವಂತ ಇಷ್ಟದಂತೆ ಹಾಕಿಕೊಳ್ಳಬಹುದಾಗಿದ್ದ ಐದು ದಿನ ಹೋಯಿತು. ಎಲ್ಲರ ಹಬ್ಬವೂ ಎಲ್ಲರಿಗೂ ರಜೆ ಎನ್ನುವುದಕ್ಕಿಂತ, ಕಡ್ಡಾಯ ರಜೆ ಕಡಿಮೆ ಮಾಡಿ ಪರಿಮಿತ ರಜೆ ಹೆಚ್ಚಿಸಿದ್ದರೆ ನಿಮ್ಮಂಥ ಎರಡು ಪದ್ಧತಿಯ ಮನೆಗಳಿಗೆ ಹೆಚ್ಚು ಉಪಕಾರವಾಗುತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ.

ಪರಿಮಿತ ರಜೆ ಅಂದರೆ ದೊಡ್ಡ ಪಟ್ಟಿಯಿಂದ ನೌಕರರು ತಮಗೆ ಬೇಕಾದ ಎರಡು ದಿನ ಆಯ್ದುಕೊಳ್ಳುವುದು. ರಾಜ್ಯ ಸರ್ಕಾರಿ ನೌಕರರಿಗೆ ಕೃಷ್ಣಾಷ್ಟಮಿ ಬರುವುದು ಇದರಲ್ಲೇ, ಸಾರ್ವತ್ರಿಕ ರಜೆಯಲ್ಲಲ್ಲ. ಕೇಂದ್ರ ಸರ್ಕಾರದ ಕಚೇರಿಯವರಿಗೂ ಪರಿಮಿತ ರಜೆ ಎರಡೇ.

ಖಾಸಗಿ ಕಂಪನಿಗೆ ಸರ್ಕಾರದ ರಜಾ ಪಟ್ಟಿ ಅನ್ವಯಿಸುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅವರಿಗೆ ಅನ್ವಯಿಸುವುದು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದ್ದೇ ಆದ 1963ರ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಖಾಯಂ. ಇದರ ಮೇಲೆ ಐದು ಹಬ್ಬದ ರಜೆ. ಒಟ್ಟು ಹತ್ತು ಸಂಬಳಸಹಿತ ರಜೆ ಕೊಡಲೇಬೇಕು, ಹೆಚ್ಚು ಕೊಟ್ಟರೆ ಅವರ ಔದಾರ್ಯ. ಆ ದಿನ ಕೆಲಸಕ್ಕೆ ಕರೆದರೆ ಎರಡರಷ್ಟು ಕೂಲಿ, ಇಲ್ಲವೇ ಆ ದಿನದ ಸಂಬಳದ ಜೊತೆ ಇನ್ನೊಂದು ದಿನ ಬದಲಿ ರಜೆ. ಆ ಐದು ಹಬ್ಬ ಯಾವುವು ಎಂಬುದು ವರ್ಷ ಶುರುವಾಗುವ ಮುಂಚೆ ತೀರ್ಮಾನವಾಗುತ್ತದೆ. ‘ಐದರಲ್ಲಿ ಎರಡನ್ನು ನೌಕರರೇ ಆಯ್ದುಕೊಳ್ಳಲಿ’ ಎಂದು ಕೇಳಬೇಕಾದದ್ದು ನವೆಂಬರಿನಲ್ಲಿ, ಹಬ್ಬದ ಹಿಂದಿನ ದಿನವಲ್ಲ. ಮತದಾನದ ದಿನದ ಸಂಬಳಸಹಿತ ರಜೆ ಇದಕ್ಕೆ ಹೊರತು. ಅದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಿಂದ ಬರುವಂಥದ್ದು, ಹತ್ತರಲ್ಲಿ ಕಳೆಯುವ ಹಾಗಿಲ್ಲ.

ಇನ್ನು ನೀವು ಮಾಡಬೇಕಾದದ್ದು.

ಮನೆಯಲ್ಲಿ ಒಂದೇ ಪಂಚಾಂಗ ಇಟ್ಟುಕೊಳ್ಳಿ, ಅಥವಾ ನಿಮ್ಮಂತೆ ಎರಡು ಪದ್ಧತಿ ಇದ್ದರೆ ಎರಡು. ಮೂರನೆಯದು ಬೇಡ. ಮೈಸೂರಿನ ಕಡೆಯವರು ಒಂಟಿಕೊಪ್ಪಲ್ ಪಂಚಾಂಗ ನೋಡುತ್ತಿದ್ದರೆ ಅದೇ ಇರಲಿ. ಅತ್ತೆಯವರು ಉಡುಪಿಯ ಮಠದ್ದು ನೋಡುತ್ತಿದ್ದರೆ ಅದೂ ಇರಲಿ. ಈ ವರ್ಷ ಅನುಕೂಲವಾದ ದಿನ ಇದರಲ್ಲಿದೆ, ಮುಂದಿನ ವರ್ಷ ಅದರಲ್ಲಿದೆ ಎಂದು ಬದಲಿಸುತ್ತಾ ಹೋದರೆ ಒಂದು ವರ್ಷ ಅಧಿಕ ಮಾಸದಲ್ಲೋ ಶ್ರಾದ್ಧದ ತಿಥಿಯಲ್ಲೋ ಸಿಕ್ಕಿಹಾಕಿಕೊಳ್ಳುತ್ತೀರಿ. ಶ್ರಾದ್ಧದಲ್ಲಂತೂ ಯಾರ ಕರ್ಮವೋ ಅವರ ಕುಟುಂಬದ ಪದ್ಧತಿಯೇ ನಡೆಯಬೇಕು. ಹಬ್ಬಗಳಲ್ಲಿ, ಅಡುಗೆಮನೆಯ ಯಜಮಾನಿಕೆ ಯಾರದೋ ಅವರ ದಿನ ನೈವೇದ್ಯ, ಇನ್ನೊಬ್ಬರ ದಿನ ತುಪ್ಪದ ದೀಪ ಹಚ್ಚಿ ಹಣ್ಣುಕಾಯಿ ಎಂದು ಹಂಚಿಕೊಂಡರೆ ಇಬ್ಬರಿಗೂ ನಡೆಯುತ್ತದೆ.

ಪಂಚಾಂಗ ಯುಗಾದಿಯಿಂದ ಯುಗಾದಿಗೆ, ಕಚೇರಿಯ ವರ್ಷ ಜನವರಿಯಿಂದ ಡಿಸೆಂಬರಿಗೆ. ಹಾಗಾಗಿ ಡಿಸೆಂಬರಿನಲ್ಲಿ ರಜೆ ಯೋಜಿಸುವಾಗ ಕೈಯಲ್ಲಿರುವ ಪಂಚಾಂಗದಲ್ಲಿ ಫಾಲ್ಗುಣದವರೆಗೆ ಮಾತ್ರ ಸಿಗುತ್ತದೆ. ಆಮೇಲಿನದಕ್ಕೆ ರಾಷ್ಟ್ರೀಯ ಪಂಚಾಂಗವೋ ಊರಿನ ಹೆಸರು ಹಾಕಿದ ಆ್ಯಪೋ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಯುಗಾದಿಗೆ ಹೊಸ ಪಂಚಾಂಗ ಬಂದ ಮೇಲೆ ಅದನ್ನು ಪೆನ್ನಿನಲ್ಲಿ ಖಾಯಂ ಮಾಡಿ. ಪೆನ್ಸಿಲ್ ಗುರುತು ಹಾಕುವಾಗ ಪ್ರತಿ ಹಬ್ಬಕ್ಕೂ ತಿಥಿ ಹಿಡಿಯುವ, ಬಿಡುವ ಎರಡೂ ಹೊತ್ತು ಬರೆದುಕೊಳ್ಳಿ. ಮೇಲೆ ಹೇಳಿದ ಹೊತ್ತು ಎರಡೂ ದಿನ ಮುಟ್ಟುತ್ತಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ, ಆ ಹಬ್ಬಕ್ಕೆ ಎರಡು ದಿನದ ರಜೆ ಎತ್ತಿಡಿ. ತಿಥಿ ವೃದ್ಧಿಯ ಮೇಲೂ ಕಣ್ಣಿರಲಿ. 2025ರಲ್ಲಿ ನವರಾತ್ರಿಯಲ್ಲಿ ಒಂದು ತಿಥಿ ಎರಡು ಸೂರ್ಯೋದಯ ಕಂಡದ್ದರಿಂದ ಮೈಸೂರು ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನ ನಡೆಯಿತು, ವಿಜಯದಶಮಿ ಗಾಂಧಿ ಜಯಂತಿಯ ಮೇಲೆ ಬಿದ್ದು ಒಂದು ರಜೆ ನಷ್ಟವಾಯಿತು.

ಅಪಾರ್ಟ್‌ಮೆಂಟಿನಲ್ಲಿ ಜಗಳ ಬಗೆಹರಿಸುವ ದಾರಿ ಪೂಜೆಯನ್ನೂ ಸಂಭ್ರಮವನ್ನೂ ಬೇರ್ಪಡಿಸುವುದು. ವ್ರತ, ಪೂಜೆ ಅವರವರ ಮನೆಯಲ್ಲಿ ಅವರವರ ದಿನ. ಸಭಾಂಗಣದ ಕಾರ್ಯಕ್ರಮ, ರಂಗೋಲಿ, ಊಟ ಹತ್ತಿರದ ಭಾನುವಾರ. ಸಾಮೂಹಿಕ ಗಣಪತಿ ಕೂರಿಸುವುದಾದರೆ ಮಾತ್ರ ದಿನ ಬೇಕೇ ಬೇಕು. ಆಗ ಪುರೋಹಿತರು ಯಾರೆಂದು ಮೊದಲು ಗೊತ್ತುಮಾಡಿ, ಅವರ ಪಂಚಾಂಗದ ದಿನವನ್ನೇ ಒಪ್ಪಿಕೊಂಡು ಮೂರು ವಾರ ಮುಂಚೆ ಸೂಚನಾ ಫಲಕಕ್ಕೆ ಹಾಕಿ, ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಮತಕ್ಕೆ ಹಾಕಬೇಡಿ. ದಿನವನ್ನು ಮತಕ್ಕೆ ಹಾಕಿದರೆ ಸೋತವರು ತಿಥಿಯ ಬಗ್ಗೆ ಮಾತಾಡುವುದಿಲ್ಲ, ಗೆದ್ದವರ ಬಗ್ಗೆ ಮಾತಾಡುತ್ತಾರೆ. ಈದ್‌ಗೆ ಸಭಾಂಗಣ ಕೇಳಿದವರಿಗೆ ಸಾಲಾಗಿ ಎರಡು ದಿನ ಕಾದಿರಿಸಿ ಒಂದು ದಿನದ ಬಾಡಿಗೆ ಮಾತ್ರ ತೆಗೆದುಕೊಳ್ಳಿ, ಚಂದ್ರ ಕಂಡ ಮೇಲೆ ಇನ್ನೊಂದು ದಿನ ಬಿಟ್ಟುಕೊಡುತ್ತಾರೆ. ಯಾರ ಹಬ್ಬವೇ ಆಗಲಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸರ್ಕಾರ ವಿನಾಯಿತಿ ಕೊಟ್ಟ ದಿನಗಳಲ್ಲೂ ನಡುರಾತ್ರಿಯೇ ಕೊನೆ.

ರೈಲಿನ ಮುಂಗಡ ಟಿಕೆಟ್ 2024ರ ನವೆಂಬರ್ 1ರಿಂದ ಪ್ರಯಾಣಕ್ಕೆ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಮೊದಲಿನ 120 ದಿನ ಈಗಿಲ್ಲ. ಮೈಸೂರು, ಮಂಗಳೂರು ಎರಡೂ ಕಡೆ ಹೋಗುವವರು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಆ 60ನೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರಶ್ನಾರ್ಥಕ ಬಿದ್ದ ಹಬ್ಬಕ್ಕೆ ಮೊದಲ ದಿನದ ಹಿಂದಿನ ರಾತ್ರಿ ಹೊರಟು, ಎರಡನೆಯ ದಿನದ ರಾತ್ರಿ ವಾಪಸಾಗುವಂತೆ ತೆಗೆದರೆ ಯಾವ ದಿನ ತೀರ್ಮಾನವಾದರೂ ಟಿಕೆಟ್ ರದ್ದು ಮಾಡುವ ಪ್ರಮೇಯ ಬರದು. ಇನ್ನೊಂದು ಮಾತು: ಬ್ಯಾಂಕಿಗೆ ರಜೆ ಎಂದು ಇಎಂಐ ಮರುದಿನಕ್ಕೆ ಹೋಗುತ್ತದೆ ಎಂದುಕೊಳ್ಳಬೇಡಿ. 2021ರ ಆಗಸ್ಟ್ 1ರಿಂದ ಖಾತೆಯ ಸ್ವಯಂಚಾಲಿತ ಕಡಿತ ವಾರದ ಏಳು ದಿನವೂ, ಹಬ್ಬದ ದಿನವೂ ನಡೆಯುತ್ತದೆ. ಚೌತಿಯ ಖರೀದಿಗೆ ಹಣ ತೆಗೆಯುವ ಮುಂಚೆ ಆ ಕಂತಿನಷ್ಟು ಖಾತೆಯಲ್ಲಿ ಬಿಟ್ಟಿರಿ.